ಗ್ರೇಡರ್ ಚಂದ್ರಶಾನ ತಕರಾರು

ಹೆಣ್ಣು ನೋಡಲು ಹೋದ ದಿನವೇ ಚಂದ್ರಶಾ ತಾನು ಎಂಥವನೆಂದು ತೋರಿಸಿಬಿಟ್ಟಿದ್ದ. ಕಮಲಾಪುರದ ಆ ಮನೆಯಲ್ಲಿ ಚೂಡಾ, ಚಹಾ ಎಲ್ಲ ಆದ ಮೇಲೆ ಹುಡುಗಿಯ ಅಪ್ಪ, “ಮತ್ತ, ಹ್ಯಾಂಗನಿಸ್ತು?” ಎಂದು ಕೇಳಿದರೆ ಇವನು ಹುಡುಗಿಯ ಮಾತೇ ಎತ್ತಲಿಲ್ಲ.

“ನಿಮ್ ಪಡಸಾಲಿ ಇಳಿಜಾರು ಹೊರಗ ಇರಬೇಕಾಗಿತ್ರಿ, ಒಳಗ ಅದ. ಮಳಿ ಜೋರ ಬಂದ್ರ ನೀರು ಸೀದಾ ಅಡಗಿಮನಿಗೇ ಬರ್ತದ ನೋಡ್ರಿ,” ಎಂದ.

ಅಪ್ಪನ ಮುಖ ಕೆಂಪಾಯಿತು. ಒಳಗೆ ಬಾಗಿಲ ಮರೆಯಲ್ಲಿದ್ದ ಮಲ್ಕಮ್ಮ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಪ್ರತಿ ಮಳೆಗಾಲವೂ ಅಡುಗೆಮನೆಯ ನೀರನ್ನು ಚೆಂಬಿನಲ್ಲಿ ಬಳಿದು ಹೊರಗೆ ಚೆಲ್ಲುವವಳು ಅವಳೇ. “ಕುಂತಲ್ಲೇ ಕುಂತು ಕಂಡುಹಿಡದಾನ ಯವ್ವಾ. ಇವನಿಗೇ ಕೊಡ್ರಿ ನನ್ನ,” ಎಂದು ತಾಯಿಯ ಕಿವಿಯಲ್ಲಿ ಹೇಳಿದಳಂತೆ.

ಕೊಟ್ಟರು. ಅದಾಗಿ ಇಪ್ಪತ್ತೆಂಟು ವರ್ಷ. ಈಗ ಚಂದ್ರಶಾನಿಗೆ ಐವತ್ತನಾಲ್ಕು. ಕಲಬುರಗಿಯ ಕುಸನೂರದಲ್ಲಿ ಸ್ವಂತ ಮನೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಕೆಲಸ, ರಸ್ತೆ ಕಾಮಗಾರಿಯಲ್ಲಿ ಗ್ರೇಡರ್ ಓಡಿಸುವುದು. ಗ್ರೇಡರ್ ಎಂದರೆ ಉದ್ದ ಕತ್ತಿನ ದೊಡ್ಡ ಹಳದಿ ಯಂತ್ರ. ಅದರ ಹೊಟ್ಟೆಯ ಕೆಳಗೆ ಅಡ್ಡಡ್ಡ ಒಂದು ಬ್ಲೇಡು. ಲಾರಿಗಳು ಸುರಿದು ಹೋದ ಮುರುಮಿನ, ಅಂದರೆ ಗರಸು ಮಣ್ಣಿನ, ಗುಡ್ಡೆಯನ್ನು ಹರಡಿ, ಕೆರೆದು, ರಸ್ತೆಗೆ ಮೈಕಟ್ಟು ಕೊಡುವುದು ಆ ಬ್ಲೇಡು. “ರೋಲರ್ ಓಡಿಸೋರು ಗಾಡಿ ಓಡಿಸ್ತಾರ. ನಾವು ಕೆತ್ತನಿ ಮಾಡ್ತೀವಿ,” ಎಂದು ಚಂದ್ರಶಾ ಎದೆಯುಬ್ಬಿಸಿ ಹೇಳುತ್ತಿದ್ದ. ಸುಳ್ಳೇನಲ್ಲ. ಒಂದು ಬೆರಳಿನಷ್ಟು ಏರುತಗ್ಗಿದ್ದರೂ ಅವನ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ತೊಂದರೆ ಏನೆಂದರೆ, ಕೆಲಸ ಮುಗಿದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಜಗತ್ ಸರ್ಕಲ್ ಹತ್ತಿರ ಕ್ಷೌರಕ್ಕೆ ಹೋದರೆ ಕುರ್ಚಿಯ ತಲೆದಿಂಬು ಸೊಟ್ಟ ಎನ್ನುವನು. ಬಸ್ಸಿನಲ್ಲಿ ಹಿಡಿಕೆ ಎಲ್ಲಿರಬೇಕಿತ್ತೆಂದು ಕಂಡಕ್ಟರನಿಗೆ ತೋರಿಸುವನು. ಮದುವೆಗೆ ಹೋದರೆ ಕೈತೊಳೆಯುವ ನಲ್ಲಿಯ ಮುಂದೆ ನಿಂತು, “ಇಷ್ಟ ಕೆಳಗ ಇಟ್ರ ಮುದುಕರು ಹ್ಯಾಂಗ ಬಗ್ಗಬೇಕು?” ಎಂದು ಹಿಂದೆ ಸಾಲುಗಟ್ಟಿದವರನ್ನು ಕೇಳುವನು. ಎಂಜಲು ಕೈ ಹಿಡಿದುಕೊಂಡು ನಿಂತವರಿಗೆ ಏನು ಉತ್ತರ ಹೊಳೆದೀತು! ಬಂಧು ಬಳಗದವರು ಅವನಿಗೆ ‘ತಕರಾರು ಚಂದ್ರಶಾ’ ಎಂದೇ ಹೆಸರಿಟ್ಟಿದ್ದರು. ಅವನಿಗೆ ಗೊತ್ತಿತ್ತು, ಬೇಸರವಿರಲಿಲ್ಲ.

ಇಷ್ಟೆಲ್ಲ ತಕರಾರಿನ ಮನುಷ್ಯ ತನ್ನ ಗ್ರೇಡರನ್ನು ಮಾತ್ರ ಮೂವತ್ತು ವರ್ಷ ನಿಂತುಕೊಂಡೇ ಓಡಿಸಿದ್ದ. ಕುಳಿತರೆ ಬ್ಲೇಡಿನ ತುದಿ ಕಾಣುವುದಿಲ್ಲ. ಕಾಣದೆ ಕೆತ್ತುವುದು ಹೇಗೆ? ಎದ್ದು ನಿಂತು, ಮುಂದಕ್ಕೆ ಬಾಗಿ, ಕತ್ತು ಪಕ್ಕಕ್ಕೆ ಚಾಚಿ ದಿನವಿಡೀ ಸನ್ನೆಕೋಲುಗಳನ್ನು ಎಳೆಯುತ್ತಿದ್ದ. ಕಲಿಸಿದ ಗುರುವೂ ನಿಂತೇ ಓಡಿಸುತ್ತಿದ್ದ. ಹಾಗಾಗಿ ಅದು ತಕರಾರಿನ ಸಂಗತಿ ಎಂದೇ ಅವನಿಗೆ ಹೊಳೆದಿರಲಿಲ್ಲ. ಸಂಜೆ ಮಲ್ಕಮ್ಮ ಅವನ ಮೊಣಕಾಲಿಗೆ ಬಿಸಿ ಕುಸುಬಿ ಎಣ್ಣೆ ತಿಕ್ಕುತ್ತ, “ಕುರ್ಚಿ ಇಲ್ಲೇನ್ರಿ ಆ ಗಾಡಿಗೆ?” ಎಂದರೆ, “ಅದ. ಅದರ ಮ್ಯಾಲ ಊಟದ ಡಬ್ಬಿ ಇಡ್ತೀನಿ,” ಎನ್ನುತ್ತಿದ್ದ.

ಕಳೆದ ವರ್ಷ ಅವನ ಗುತ್ತಿಗೆದಾರ ಕಮಲಾಪುರದ ಬಳಿ ಹೊಸ ರಸ್ತೆಯ ಕೆಲಸ ಹಿಡಿದ. ನಾಲ್ಕು ಹಳೆಯ ಗ್ರೇಡರುಗಳಿದ್ದವು. ಇಂಜಿನ್ನು ಗಟ್ಟಿಯಿದ್ದರೂ ಕ್ಯಾಬಿನ್ನುಗಳು ತುಕ್ಕು ಹಿಡಿದು ಗಲಗಲ ಎನ್ನುತ್ತಿದ್ದವು. ಒಂದೊಂದಾಗಿ ಎಸಿ ಇರುವ ಹೊಸ ಕ್ಯಾಬಿನ್ ಕಟ್ಟಿಸೋಣವೆಂದು ಕಲಬುರಗಿಯ ಕಪನೂರದಲ್ಲಿ ಅರುಣಕುಮಾರನ ವರ್ಕ್‌ಶಾಪಿಗೆ ಕೆಲಸ ಒಪ್ಪಿಸಿದ. ಅರುಣಕುಮಾರ ಟ್ರ್ಯಾಕ್ಟರ್ ಟ್ರಾಲಿ, ನೀರಿನ ಟ್ಯಾಂಕರ್ ಮಾಡುವವನು. “ಇದೇನು, ತಗಡಿನ ಡಬ್ಬಿ, ನಾಕು ಕಿಟಕಿ, ಮ್ಯಾಲೊಂದು ಎಸಿ. ಹದಿನೈದು ದಿನದ ಕೆಲಸ,” ಎಂದ. ಅವನ ಹತ್ತಿರ ಕೆಲಸಕ್ಕಿದ್ದ ಇಂಜಿನಿಯರ್ ಹುಡುಗಿ, ಬ್ರಹ್ಮಪುರದ ಪ್ರೀತಿ, ಅದಕ್ಕೆ ಒಪ್ಪಲಿಲ್ಲ. ಒಳಗೆ ಕೂರುವವರನ್ನು ಕೇಳದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ ಎಂದು ಸ್ಕೂಟಿ ಹತ್ತಿ ಕಮಲಾಪುರದ ಕ್ಯಾಂಪಿಗೆ ಬಂದಳು.

ಊಟದ ಹೊತ್ತು. ಆಪರೇಟರುಗಳು ಬೇವಿನ ಮರದ ಕೆಳಗೆ ಕುಳಿತಿದ್ದರು.

“ಕ್ಯಾಬಿನ್‌ದಾಗ ನಿಮಗೇನು ತ್ರಾಸ ಅದ, ಹೇಳ್ರಿ,” ಎಂದು ಪ್ರೀತಿ ಕೇಳಿದಳು.

“ಏನಿಲ್ರಿ ಮೇಡಂ. ಎಸಿ ಹಾಕ್ರಿ, ಸಾಕು,” ಎಂದ ಒಬ್ಬ.

“ನಡೀತದ ಬಿಡ್ರಿ,” ಎಂದ ಮಲ್ಲು. ಕಮಲಾಪುರದವನೇ ಆದ ಮಲ್ಲು ಎರಡನೆಯ ಗ್ರೇಡರಿನ ಆಪರೇಟರ್. ಐದಡಿಯ ಮೇಲೊಂದು ಬೆರಳು ಎತ್ತರದ, ನಗುಮುಖದ ಮನುಷ್ಯ. ಬಾಯಿಬಿಟ್ಟರೆ ಬರುವ ಮಾತು ಅದೊಂದೇ. ಸಾರು ಹಳಸಿದ್ದರೂ ‘ನಡೀತದ’, ಸಂಬಳ ಎಂಟು ದಿನ ತಡವಾದರೂ ‘ನಡೀತದ’.

ಚಂದ್ರಶಾ ರೊಟ್ಟಿಯ ಕೊನೆಯ ತುಂಡು ಬಾಯಿಗಿಟ್ಟು, ಕೈ ತೊಳೆದು, ಧೋತರದ ತುದಿಗೆ ಒರೆಸಿಕೊಂಡು ಕೇಳಿದ: “ನಿಮಗ ಟೈಮ್ ಅದ ಏನ್ರಿ ಮೇಡಂ?”

“ಅದ ಕಾಕಾ.”

ಪ್ರೀತಿಯ ಮೊಬೈಲಿನಲ್ಲಿ ಆ ದಿನದ ರೆಕಾರ್ಡಿಂಗ್ ಇನ್ನೂ ಇದೆ. ಎರಡು ತಾಸು ಹತ್ತು ನಿಮಿಷ. ಮೆಟ್ಟಿಲಿನ ಮೊದಲ ಹಂತ ತೊಡೆಯಷ್ಟು ಎತ್ತರ. ಗೇರ್‌ಪೆಟ್ಟಿಗೆಯ ಕಾವು ನೆಲದ ತಗಡಿನಿಂದ ಹಾದು ಅಂಗಾಲು ಸುಡುತ್ತದೆ. ಬಾಗಿಲಿನ ರಬ್ಬರು ಎರಡು ತಿಂಗಳಿಗೆ ಹರಿದು ಕೆಮ್ಮಣ್ಣಿನ ಧೂಳೆಲ್ಲ ಮೂಗಿಗೆ. ಎಂಟೂ ಸನ್ನೆಕೋಲುಗಳನ್ನು ಕಣ್ಣೆದುರಿಗೇ ಗೋಡೆಯಂತೆ ನಿಲ್ಲಿಸಿದ್ದಾರೆ. ಮುಂದಿನ ಮೂಲೆಯ ಕಂಬವಂತೂ ಯಾವ ಪುಣ್ಯಾತ್ಮ ಅಲ್ಲಿ ನೆಟ್ಟನೋ! ಹೇಳುತ್ತ ಹೇಳುತ್ತ ಚಂದ್ರಶಾನ ದನಿ ಏರಿತು, ಕಣ್ಣು ಹೊಳೆಯತೊಡಗಿದವು. ಅವನ ಆಯುಷ್ಯದಲ್ಲಿ ತಕರಾರನ್ನು ಬರೆದುಕೊಳ್ಳುವವರು ಸಿಕ್ಕಿದ್ದು ಅದೇ ಮೊದಲು.

ಮುಂದಿನ ಭಾನುವಾರ ಅವಳು ಅವನನ್ನು ಕಪನೂರಕ್ಕೆ ಕರೆಸಿಕೊಂಡಳು. ವರ್ಕ್‌ಶಾಪಿನಲ್ಲಿ ಪ್ಲೈವುಡ್ಡು, ಬಿದಿರಿನ ಗಳು ಸೇರಿಸಿ ಕ್ಯಾಬಿನ್ನಿನದೇ ಅಳತೆಯ ಗೂಡೊಂದನ್ನು ಕಟ್ಟಿ, ಒಳಗೆ ಹಳೆಯ ಸೀಟು ಇಟ್ಟಿದ್ದಳು. ಮುಂದೆ ನೆಲದ ಮೇಲೆ, ಬ್ಲೇಡಿನ ಎರಡು ತುದಿ ಬರುವ ಜಾಗಕ್ಕೆ ಒಂದೊಂದು ಇಟ್ಟಿಗೆ.

“ಕೂಡ್ರಿ ಕಾಕಾ.”

ಚಂದ್ರಶಾ ಕುಳಿತ. ಅವಳು ನೆಲದಿಂದ ಅವನ ಕಣ್ಣಿನವರೆಗೆ ಟೇಪು ಹಿಡಿದು ಅಳೆದಳು. ಆಮೇಲೆ ಅವನನ್ನು ಕೆಳಗಿಳಿಸಿ, ಅವನ ಕಣ್ಣಿದ್ದ ಅದೇ ಎತ್ತರಕ್ಕೆ ಕೋಲಿನ ಮೇಲೊಂದು ಬಲ್ಬು ಕಟ್ಟಿದಳು. ಷಟರ್ ಎಳೆಸಿ ಕತ್ತಲು ಮಾಡಿಸಿ ಸ್ವಿಚ್ ಹಾಕಿದಳು.

“ಈಗ ಆ ಬಲ್ಬೇ ನಿಮ್ಮ ಕಣ್ಣು. ನೆರಳು ಎಲ್ಲಿ ಬಿದ್ದದ, ಅಲ್ಲಿ ನಿಮಗ ಕಾಣಂಗಿಲ್ಲ ಅಂತ ತಿಳ್ಕೋರಿ.”

ಚಂದ್ರಶಾ ನೋಡಿದ. ಮೂಲೆಯ ಕಂಬದ ನೆರಳು ಕರಿ ಪಟ್ಟಿಯಂತೆ ಹರಿದು ಹೋಗಿ, ಎಡಗಡೆಯ ಇಟ್ಟಿಗೆಯ ಮೇಲೆ ಸರಿಯಾಗಿ ಮಲಗಿತ್ತು. ಬಲಗಡೆಯ ಇಟ್ಟಿಗೆಯನ್ನು ಸನ್ನೆಕೋಲುಗಳ ನೆರಳು ನುಂಗಿತ್ತು. ಅವನು ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಆ ನೆರಳಿನ ಮೇಲೆ ಬೆರಳಾಡಿಸಿದ.

“ಇದರ ಸಲುವಾಗಿ ಮೂವತ್ತು ವರ್ಷ ನಿಂತೀನಾ ನಾನು?” ಎಂದ, ಯಾರಿಗೂ ಅಲ್ಲ ಎಂಬಂತೆ.

ಆಮೇಲಿನದೆಲ್ಲ ಜಗಳ. ಕಂಬವನ್ನು ಕಡ್ಡಿಯಷ್ಟು ತೆಳ್ಳಗೆ ಮಾಡು ಎಂದು ಅವನು. ಗಾಡಿ ಪಲ್ಟಿಯಾದರೆ ತಲೆ ಉಳಿಸುವುದೇ ಆ ಕಂಬ, ಒಂದು ಎಳೆಯೂ ತೆಳ್ಳಗಾಗದು ಎಂದು ಅವಳು. “ಮೂವತ್ತು ವರ್ಷದಾಗ ಒಮ್ಮೆನೂ ಪಲ್ಟಿ ಮಾಡಿಲ್ಲ ನಾ,” ಎಂದು ಅವನೆಂದರೆ, “ಮಾಡಿದ್ರ ಇವತ್ತು ಇಲ್ಲಿ ಕುಂತು ಜಗಳಾಡ್ತಿರಲಿಲ್ಲ ಕಾಕಾ,” ಎಂದು ಅವಳು. ಅರುಣಕುಮಾರ ನಡುವೆ ಬಂದು, “ಡಬ್ಬಿ ಯಾವಾಗ ಆಗ್ತದ?” ಎಂದರೆ ಇಬ್ಬರೂ ಸೇರಿ ಅವನ ಮೇಲೆ ಬೀಳುವರು. ಕೊನೆಗೆ ಕಂಬ ಹಾಗೇ ದಪ್ಪಗೆ ಉಳಿದು, ಒಂದು ಗೇಣು ಹಿಂದಕ್ಕೆ ಸರಿಯಿತು. ಮುಂದಿನ ಗಾಜು ಪಾದದವರೆಗೆ ಇಳಿಯಿತು. ಸನ್ನೆಕೋಲುಗಳು ಎರಡು ಪಾಲಾಗಿ ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ ಹೋದವು. ನೆಲದ ತಗಡಿನ ಕೆಳಗೆ ಕಾವು ತಡೆಯುವ ಹಾಸು ಬಂತು. ಬಲ್ಬು ಹೊತ್ತಿಸಿ ನೋಡಿದರೆ ಎರಡೂ ಇಟ್ಟಿಗೆ ಬೆಳಕಿನಲ್ಲಿದ್ದವು.

ಹದಿನೈದು ದಿನದ ಕೆಲಸ ಮೂರು ತಿಂಗಳಾಯಿತು. ಹೊಸ ಕ್ಯಾಬಿನ್ ಕೂತ ಮೊದಲ ದಿನ ಚಂದ್ರಶಾ ಬೆಳಿಗ್ಗೆ ಎಂಟಕ್ಕೆ ಸೀಟಿನಲ್ಲಿ ಕುಳಿತವನು ಊಟಕ್ಕೆ, ನೀರಿಗೆ ಇಳಿದದ್ದು ಬಿಟ್ಟರೆ ಸಂಜೆಯವರೆಗೂ ಕುಳಿತೇ ಇದ್ದ. ಎರಡೂ ತುದಿ ಕಣ್ಣೆದುರಿಗೆ. ಮುರುಮು ಬೆಣ್ಣೆಯಂತೆ ಹರಡಿತು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಲ್ಕಮ್ಮ ಕೇಳಿದಳು: “ಹ್ಯಾಂಗದ್ರಿ ಹೊಸ ಗಾಡಿ?”

“ಛಲೋ ಅದ.”

“ಮತ್ತ?”

“ಮತ್ತೇನಿಲ್ಲ. ಛಲೋ ಅದ.”

ಮಲ್ಕಮ್ಮ ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಎರಡನೆಯ ಕ್ಯಾಬಿನ್ನು ಅದೇ ಅಚ್ಚಿನಲ್ಲಿ ಮಲ್ಲುವಿನ ಗ್ರೇಡರಿಗೆ ಬಂತು. ಚಂದ್ರಶಾ ತಾನೇ ಅವನ ಕೈಹಿಡಿದು ಹತ್ತಿಸಿ, ಇದು ಹಿಂಗ್ಯಾಕ, ಅದು ಹಂಗ್ಯಾಕ ಎಂದು ಒಂದೊಂದನ್ನೂ ತೋರಿಸಿದ. ಮಗಳ ಮದುವೆಯ ಮನೆ ತೋರಿಸುವ ಉಮೇದು ಅವನಿಗೆ. ಮಲ್ಲು ಎಲ್ಲದಕ್ಕೂ ತಲೆಯಾಡಿಸಿ, “ಭಾರಿ ಅದ ಅಣ್ಣಾ, ಭಾರಿ ಅದ,” ಎಂದ.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಚಂದ್ರಶಾ ನಡೆದು ಬರುತ್ತಿದ್ದಾಗ ಮಲ್ಲು ಮುಗಿಸಿದ ರಸ್ತೆಯ ಎಡ ಅಂಚು ಕಣ್ಣಿಗೆ ಚುಚ್ಚಿತು. ಉದ್ದಕ್ಕೂ ಸಣ್ಣ ಅಲೆ. ಮಲ್ಲುವಿನ ಕೈ ಹಾಗಿರಲಿಲ್ಲ. ಅವನು ಊಟಕ್ಕೆ ಹೋಗಿದ್ದ, ಗ್ರೇಡರು ರಸ್ತೆಯ ಬದಿಗೆ ನಿಂತಿತ್ತು. ಬ್ಲೇಡಿಗೇನಾದರೂ ಆಗಿದೆಯೋ ಎಂದು ಸುತ್ತು ಹಾಕಿ ನೋಡಿ, ಸರಿಯಿದೆ ಎಂದಾದ ಮೇಲೆ ಚಂದ್ರಶಾ ಕ್ಯಾಬಿನ್ ಹತ್ತಿ ಬಾಗಿಲು ತೆಗೆದ.

ಸೀಟಿನ ಮೇಲೆ ಮಡಚಿದ ಎರಡು ಗೋಣಿಚೀಲ. ಬ್ರೇಕಿನ ಪೆಡಲಿಗೆ ಹಳೆಯ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿದ ಕಟ್ಟಿಗೆಯ ತುಂಡು. ಎಡಗಡೆಯ ಕಂಬಕ್ಕೆ ತಂತಿ ಸುತ್ತಿ ನಿಲ್ಲಿಸಿದ ಸ್ಕೂಟರಿನ ಕನ್ನಡಿ, ಮುಖ ಕೆಳಗೆ ಬ್ಲೇಡಿನ ಕಡೆಗೆ.

ಚಂದ್ರಶಾ ನಿಂತಲ್ಲೇ ನಿಂತ. ಮಲ್ಲು ಬಾಯಿ ಒರೆಸಿಕೊಳ್ಳುತ್ತ ಬಂದವನು ಮೇಲೆ ನೋಡಿ ಸಣ್ಣಗಾದ.

“ಇದೇನೋ ಮಲ್ಲು?”

“ಏನಿಲ್ಲ ಅಣ್ಣಾ. ಜರಾ ಎತ್ತರ ಬೇಕಾಗಿತ್ತು. ಎತ್ತರ ಮಾಡಿದ್ರ ಕಾಲು ಮುಟ್ಟಲಿಲ್ಲ. ಅದಕ್ಕ ಕಟ್ಟಿಗಿ ಕಟ್ಟಿದೆ. ನಡೀತದ ಬಿಡ್ರಿ.”

“ನಡೀತದ? ಬ್ರೇಕಿಗೆ ಕಟ್ಟಿಗಿ ಕಟ್ಟಿ ನಡೀತದೇನಲೇ? ನನಗ್ಯಾಕ ಹೇಳಲಿಲ್ಲ?”

ಮಲ್ಲು ಕಾಲಿನಿಂದ ಮುರುಮು ಕೆದಕಿದ. “ನೀವು ಅಷ್ಟ ಖುಷಿಲೆ ತೋರಿಸಿದ್ರಿ. ನಿಮ್ಮ ಮಾರಿ ನೋಡಿ ಹ್ಯಾಂಗ ಹೇಳ್ಲಿ? ನಿಮಗ ಬ್ಯಾಸರ ಆಗ್ತಿತ್ತಲ್ಲ.”

ಬೇಸರವಾಗಿಯೇ ಆಯಿತು. “ನೆಟ್ಟಗ ಕೂಡ್ಲಿಕ್ಕ ಬರಲ್ಲ ನಿನಗ, ಬೆನ್ನು ಬಗ್ಗಿಸಿ ಕೂಡ್ತಿ,” ಎಂದು ಬೈದು ಇಳಿದು ಹೋದ. ಸಂಜೆ ಕಲಬುರಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವನು ಬಸ್ಸಿನ ಹಿಡಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಜಗತ್ತಿಗೆಲ್ಲ ತಪ್ಪು ಎತ್ತಿ ತೋರಿಸಿದವನು ತಾನು. ತನ್ನ ತಪ್ಪನ್ನು ಒಬ್ಬ ಗೋಣಿಚೀಲದ ಕೆಳಗೆ ಮುಚ್ಚಿಟ್ಟುಕೊಂಡು ಮೂರು ವಾರ ತ್ರಾಸ ಉಂಡಿದ್ದ. ಅದೂ ತನಗೆ ಬೇಸರವಾದೀತೆಂದು. ಕಪನೂರ ಬಂದಾಗ ಚಂದ್ರಶಾ ತಟ್ಟನೆ ಎದ್ದು ಗಂಟೆ ಬಾರಿಸಿ ಇಳಿದುಬಿಟ್ಟ.

ಪ್ರೀತಿ ಮನೆಗೆ ಹೊರಟು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿ ಹೆಲ್ಮೆಟ್ ತೆಗೆದು ಕೆಳಗಿಟ್ಟಳು.

“ತಪ್ಪು ನಂದು ಕಾಕಾ. ಒಬ್ಬ ಮನುಷ್ಯಾನ ಕಣ್ಣಿಗೆ ಬಲ್ಬ್ ಕಟ್ಟಿದೆ. ಓಡಿಸೋರು ನಾಲ್ಕು ಮಂದಿ ಇದ್ರು.”

“ನಿನಗ ಏನು ಗೊತ್ತಾಗ್ತದ ಬೇಟಾ. ಎರಡು ತಾಸು ನಾನೇ ಮಾತಾಡೀನಿ. ಬ್ಯಾರೇದೋರಿಗೆ ಬಾಯಿ ತೆರೀಲಿಕ್ಕೆಲ್ಲಿ ಬಿಟ್ಟೀನಿ?” ಎಂದ ಚಂದ್ರಶಾ.

ಭಾನುವಾರ ಮಲ್ಲುವನ್ನು ಎಳೆದುಕೊಂಡೇ ಬಂದ. ಪ್ಲೈವುಡ್ ಗೂಡಿನಲ್ಲಿ ಅವನನ್ನು ಕೂರಿಸಿ, ಅವನ ಕಣ್ಣಿನ ಎತ್ತರಕ್ಕೆ ಬಲ್ಬು ಇಳಿಸಿ ಹೊತ್ತಿಸಿದರು. ಕಂಬದ ನೆರಳು ಇಟ್ಟಿಗೆಗೆ ತಾಗಲಿಲ್ಲ, ನಿಜ. ಆದರೆ ಅಕ್ಕಪಕ್ಕಕ್ಕೆ ಹೋಗಿದ್ದ ಸನ್ನೆಕೋಲಿನ ಎರಡೂ ಪೆಟ್ಟಿಗೆಗಳು ಈಗ ಒಂದೊಂದು ಇಟ್ಟಿಗೆಯನ್ನು ನುಂಗಿ ಕುಳಿತಿದ್ದವು. ಚಂದ್ರಶಾನಿಗೆ ಬೆಳಕಾಗಿದ್ದ ಜಾಗವೇ ಮಲ್ಲುವಿಗೆ ಕತ್ತಲು.

“ಹೇಳಪ್ಪಾ ಈಗ. ಏನೇನು ತ್ರಾಸ?” ಎಂದ ಚಂದ್ರಶಾ, ಎದುರಿಗೆ ಸ್ಟೂಲು ಎಳೆದುಕೊಂಡು.

“ಅದೇ, ಎತ್ತರ ಒಂದು. ಉಳದದ್ದೆಲ್ಲ ನಡೀ...”

“ಆ ಮಾತು ಬಾಯಿಂದ ಬಂದ್ರ ನೋಡು!”

ಮಲ್ಲು ಹೆದರಿ ಬಾಯಿ ಮುಚ್ಚಿದ. ಪ್ರೀತಿ ಚಂದ್ರಶಾನ ಭುಜ ತಟ್ಟಿ ಸುಮ್ಮನಿರಲು ಸನ್ನೆ ಮಾಡಿದಳು. ಸುಮ್ಮನಿರುವುದು ಚಂದ್ರಶಾನಿಗೆ ಮೊಣಕಾಲು ನೋವಿಗಿಂತ ಕಷ್ಟದ ಕೆಲಸ. ಆದರೂ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತ. ಒಂದು ನಿಮಿಷ ಹೋಯಿತು. ಹೊರಗೆ ಲಾರಿಯೊಂದು ಹಾರ್ನ್ ಹೊಡೆದು ಹೋಯಿತು.

“ನೀರಿನ ಬಾಟ್ಲಿ,” ಎಂದ ಮಲ್ಲು ಮೆಲ್ಲಗೆ.

“ಏನು ಬಾಟ್ಲಿ?”

“ಇಡ್ಲಿಕ್ಕ ಜಾಗಾನೇ ಇಲ್ರಿ ಮೇಡಂ. ಕೆಳಗ ಇಟ್ರ ಉರಳಿ ಬ್ರೇಕಿನ ಹಿಂದ ಹೋಗಿ ಕೂಡ್ತದ. ಮೊನ್ನೆ ಇಳಿಜಾರದಾಗ ಬ್ರೇಕ್ ಒತ್ತಿದ್ರ ಒತ್ತಲೇ ಇಲ್ಲ. ಬ್ಲೇಡ್ ಇಳಿಸಿ ನಿಲ್ಲಿಸಿದೆ.”

ಆಚೆ ಲೆಕ್ಕ ನೋಡುತ್ತಿದ್ದ ಅರುಣಕುಮಾರ ಕೂಡ ಎದ್ದು ಬಂದ. ಚಂದ್ರಶಾ ನೆನಪು ಮಾಡಿಕೊಂಡ. ಎರಡು ತಾಸು ಹತ್ತು ನಿಮಿಷದಲ್ಲಿ ತಾನು ಬಾಗಿಲಿನ ರಬ್ಬರಿನ ಬಣ್ಣದವರೆಗೂ ಹೇಳಿದ್ದ. ಬಾಟಲಿಯ ಮಾತು ಬಂದಿರಲಿಲ್ಲ, ಯಾಕೆಂದರೆ ತನ್ನ ಕ್ಯಾಬಿನ್ನಿನಲ್ಲಿ ಬಾಟಲಿಯೇ ಇರುತ್ತಿರಲಿಲ್ಲ. ಅವನು ಇಳಿದು ಹೋಗಿ ಕ್ಯಾಂಪಿನ ಮಡಕೆಯ ನೀರು ಕುಡಿಯುವವನು.

“ಇನ್ನೇನದ?” ಎಂದ, ಈ ಸಲ ದನಿ ತಗ್ಗಿಸಿ.

ಮಲ್ಲುವಿನ ಬಾಯಿ ನಿಧಾನಕ್ಕೆ ಬಿಚ್ಚಿತು. ಎಸಿಯ ಗಾಳಿ ಸೀದಾ ಕಣ್ಣಿಗೆ ಬಡಿಯುತ್ತದೆ. ಬಾಗಿಲ ಹಿಡಿಕೆ ಬಿಸಿಲಿಗೆ ಕೆಂಡವಾಗುತ್ತದೆ. ಹಿಂದಿನ ಗಾಜು ಒರೆಸಲು ಕೈ ನಿಲುಕುವುದಿಲ್ಲ. ಪ್ರೀತಿ ಒಂಬತ್ತು ಬರೆದುಕೊಂಡಳು. ಒಂಬತ್ತರಲ್ಲಿ ಆರು ಚಂದ್ರಶಾನ ತಲೆಗೆ ಎಂದೂ ಹೊಳೆಯದವು.

ಮೂರನೆಯ ಕ್ಯಾಬಿನ್ನು ಬೇರೆಯೇ ಆಯಿತು. ಸೀಟು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವಂತಾಯಿತು. ಸನ್ನೆಕೋಲಿನ ಪೆಟ್ಟಿಗೆಗಳನ್ನು ಕೂತವನ ಅಳತೆಗೆ ತಗ್ಗಿಸಿ ವಾಲಿಸಿ ಬಿಗಿ ಮಾಡಬಹುದಿತ್ತು. ಪೆಡಲಿಗೆ ಮೂರು ತೂತು ಕೊರೆದು, ಯಾರ ಕಾಲಿಗೆ ಯಾವುದು ಬೇಕೋ ಅಲ್ಲಿಗೆ ಬೋಲ್ಟು ಹಾಕುವಂತೆ ಮಾಡಿದರು. ಬಲಗೈ ಪಕ್ಕಕ್ಕೆ ಬಾಟಲಿ ಕೂರಲು ಕಬ್ಬಿಣದ ಬಳೆಯೊಂದನ್ನು ಅರುಣಕುಮಾರ ತಾನೇ ಬೆಸೆದ. ಮೊದಲಿನ ಎರಡನ್ನೂ ಬಿಚ್ಚಿ ಹೀಗೇ ತಿದ್ದಬೇಕೆಂದಾಗ, ಎಲ್ಲಕ್ಕಿಂತ ಮೊದಲು ತನ್ನ ಗ್ರೇಡರನ್ನು ಕಪನೂರಕ್ಕೆ ತಂದು ನಿಲ್ಲಿಸಿದವನು ಚಂದ್ರಶಾ. “ನಾಳೆ ನಾ ರಜಾ ಹಾಕಿದ್ರ ಮಲ್ಲು ಇದನ್ನ ಓಡಿಸಬೇಕಲ್ರಿ,” ಎಂದ.

ಆ ಗಾಡಿ ವರ್ಕ್‌ಶಾಪಿನಲ್ಲಿದ್ದ ವಾರ ಚಂದ್ರಶಾನಿಗೆ ಮನೆಯಲ್ಲೇ ಬಿಡುವು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಆತು ನಿಂತು ಮಲ್ಕಮ್ಮ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದ. ಏನು ತೋಚಿತೋ, “ಮಲ್ಕಮ್ಮ, ಈ ಮನಿಯಾಗ ನಿನಗೇನು ತ್ರಾಸ ಅದ?” ಎಂದ.

ರೊಟ್ಟಿ ಬಡಿಯುವ ಸದ್ದು ನಿಂತಿತು. “ಖರೇ ಹೇಳ್ಲೇನ್ರಿ?”

“ಖರೇ ಹೇಳು.”

“ಈ ಕಟ್ಟಿ ಎತ್ತರ ಆಗ್ಯದ.”

ಚಂದ್ರಶಾ ಆಗ ಕೆಳಗೆ ನೋಡಿದ. ಮಲ್ಕಮ್ಮ ಊಟಕ್ಕೆ ಕೂರುವ ಕಟ್ಟಿಗೆಯ ಮಣೆಯ ಮೇಲೆ ನಿಂತಿದ್ದಳು. ಹನ್ನೊಂದು ವರ್ಷದ ಹಿಂದೆ ಈ ಮನೆ ಕಟ್ಟಿಸುವಾಗ ಅಡುಗೆಕಟ್ಟೆಯ ಎತ್ತರವನ್ನು ತಾನೇ ನಿಂತು, ತನ್ನದೇ ಸೊಂಟಕ್ಕೆ ಹಿಡಿದು ಗೌಂಡಿಗೆ ಹೇಳಿದ್ದ. ಅವಳು ಮಣೆಯ ಮೇಲೆ ನಿಲ್ಲುವುದನ್ನು ದಿನಾ ಕಂಡಿದ್ದ. ಕಾಲಿಗೆ ಥಂಡಿ ಎಂದು ನಿಲ್ಲುತ್ತಾಳೆ ಅಂದುಕೊಂಡಿದ್ದ.

“ಹನ್ನೊಂದು ವರ್ಷ ಯಾಕ ಹೇಳಲಿಲ್ಲ?”

“ನೀವು ಕೇಳಿದ್ದು ಇವತ್ತೇ ಅಲ್ಲೇನ್ರಿ,” ಎಂದು ಮಲ್ಕಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ಅಂದೇ ಗೌಂಡಿಗೆ ಹೇಳಿ ಕಳಿಸಿದ. ಮೂರು ದಿನ ಮನೆಯೆಲ್ಲ ಧೂಳು, ಊಟ ಖಾನಾವಳಿಯಿಂದ. ಶಹಾಬಾದ್ ಕಲ್ಲಿನ ಚಪ್ಪಡಿಯನ್ನು ಎಬ್ಬಿಸಿ, ಕೆಳಗಿನ ಗೋಡೆ ಒಡೆದು, ಮತ್ತೆ ಕೂರಿಸಿದರು. ಅಳತೆಗೆ ಮಲ್ಕಮ್ಮನನ್ನೇ ನಿಲ್ಲಿಸಿ, ಅವಳು ಮೊಣಕೈ ಮಡಚಿ ರೊಟ್ಟಿ ಬಡಿಯುವಂತೆ ಮಾಡಿ ತೋರಿಸಿದ ಜಾಗಕ್ಕೆ ಚಂದ್ರಶಾ ಸೀಸದ ಕಡ್ಡಿಯಿಂದ ಗುರುತು ಹಾಕಿದ್ದ.

ನಾಲ್ಕನೆಯ ದಿನ ಒಲೆ ಹೊತ್ತಿತು. ಮಲ್ಕಮ್ಮ ಬರಿಗಾಲಲ್ಲಿ ನೆಲದ ಮೇಲೆ ನಿಂತು ಮೊದಲ ರೊಟ್ಟಿ ಬಡಿದಳು, ಎರಡನೆಯದನ್ನೂ ಬಡಿದಳು. ಚಂದ್ರಶಾ ತಡೆಯಲಾರದೆ ಕೇಳಿದ: “ಹ್ಯಾಂಗದ?”

ಮಲ್ಕಮ್ಮ ಹಿಟ್ಟಿನ ಕೈಯಿಂದಲೇ ಹಣೆಯ ಬೆವರು ಒರೆಸಿಕೊಂಡು, ಕಟ್ಟೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

“ಛಲೋ ಅದ್ರಿ. ಇನ್ನೊಂದರ್ಧ ಇಂಚು ಇಳಿಸಬೇಕಾಗಿತ್ತು.”